ಎರಡು ಆಸನದ ಸ್ವನಿರ್ಮಿತ ವಿಮಾನಕ್ಕೆ ಪ್ರೊಪೆಲ್ಲರ್: ಪಿಚ್ಚನ್ನು ನೆಲದಲ್ಲೇ ಹೊಂದಿಸುವುದು ಸಾಕೇ, ಹಾರುವಾಗಲೂ ಬದಲಿಸುವಂಥದ್ದು ಬೇಕೇ?

ಬಾತಿಗುಡ್ಡ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹೊರವಲಯದಲ್ಲಿ, ಹಿಂದೆ ಮಂಡಕ್ಕಿ ಭಟ್ಟಿಯೊಂದರ ಗೋದಾಮಾಗಿದ್ದ ತಗಡಿನ ಶೆಡ್ಡಿನಲ್ಲಿ, ಕಳೆದ ನಾಲ್ಕು ವರ್ಷಗಳಿಂದ ಭಾನುವಾರಗಳನ್ನೂ ಹಬ್ಬದ ರಜೆಗಳನ್ನೂ ಸುರಿದು ಎರಡು ಆಸನದ ಸಣ್ಣ ವಿಮಾನವೊಂದನ್ನು ಕಟ್ಟುತ್ತಿದ್ದೇನೆ. ಜೆನಿತ್ ಸಿಎಚ್ 701ರ ನಕ್ಷೆಯನ್ನು ಅನುಸರಿಸಿದ, ರೆಕ್ಕೆ ತಲೆಯ ಮೇಲಿರುವ, ಮೂಗಿನ ಕೆಳಗೊಂದು ಚಕ್ರವಿರುವ ಅಲ್ಯೂಮಿನಿಯಂ ತಗಡಿನ ವಿಮಾನವಿದು. ಒಡಲು, ರೆಕ್ಕೆ, ಬಾಲ ಮುಗಿದಿವೆ. ಎಂಜಿನ್ ರೋಟ್ಯಾಕ್ಸ್ 912 ಯುಎಲ್‌ಎಸ್, 100 ಅಶ್ವಶಕ್ತಿಯದು; ಕೆಲವೇ ಗಂಟೆ ಓಡಿದ್ದನ್ನು ಕಾಗದಪತ್ರಗಳ ಸಮೇತ ಕೊಂಡು, ಮೌಂಟಿಗೆ ಕೂರಿಸಿಯೂ ಆಗಿದೆ. ಇನ್ನು ಉಳಿದಿರುವ ದೊಡ್ಡ ಖರೀದಿ ಪ್ರೊಪೆಲ್ಲರ್ ಒಂದೇ, ಮತ್ತು ಅದರಲ್ಲೇ ನಾನು ಎರಡು ತಿಂಗಳಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ನನ್ನ ಮುಂದಿರುವುದು ಎರಡು ದಾರಿ. ಒಂದು, ಕಾರ್ಬನ್ ಫೈಬರಿನ ಮೂರು ಬ್ಲೇಡುಗಳ, ಎಂಜಿನ್ ನಿಲ್ಲಿಸಿ ಬೋಲ್ಟು ಸಡಿಲಿಸಿ ಕೈಯಿಂದಲೇ ಪಿಚ್ (ಬ್ಲೇಡಿನ ಓರೆಯ ಕೋನ) ಹೊಂದಿಸಬೇಕಾದ ಪ್ರೊಪೆಲ್ಲರ್. ಇನ್ನೊಂದು, ಬ್ಲೇಡುಗಳ ಬುಡಗಳು ಕೂಡುವ ನಡುಭಾಗದಲ್ಲಿ, ಅಂದರೆ ಹಬ್ಬಿನೊಳಗೆ, ಎಲೆಕ್ಟ್ರಿಕ್ ಮೋಟಾರು ಇದ್ದು, ಕಾಕ್‌ಪಿಟ್ಟಿನಿಂದಲೇ ಪಿಚ್ ಬದಲಿಸಬಹುದಾದದ್ದು. ಎರಡನೆಯದರ ಬೆಲೆ ಮೊದಲನೆಯದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೂ ಒಮ್ಮೆ ಮಾಡುವ ಖರ್ಚು, ಸರಿಯಾಗಿಯೇ ಮಾಡೋಣ ಎಂಬ ಆಸೆ ನನ್ನನ್ನು ಬಿಡುತ್ತಿಲ್ಲ.

ನನ್ನ ಅಳುಕಿಗೆ ಮುಖ್ಯ ಕಾರಣ ನಮ್ಮ ಊರಿನ ಹವೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 38 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. ಆ ತೆಳು ಗಾಳಿಯಲ್ಲಿ ಇಬ್ಬರನ್ನು ಕೂರಿಸಿಕೊಂಡು ಏಳುವಾಗ, ನೆಲದಲ್ಲಿ ಒಂದೇ ಪಿಚ್ಚಿಗೆ ಬಿಗಿದ ಪ್ರೊಪೆಲ್ಲರ್ ನನ್ನ ಕೈ ಬಿಟ್ಟೀತೇ? ಬೇಸಿಗೆಗೊಂದು, ಮಳೆಗಾಲಕ್ಕೊಂದು ಪಿಚ್ ಇಟ್ಟುಕೊಂಡರೆ ಸಾಕೇ, ಅಥವಾ ಹಾರುವಾಗ ಬದಲಿಸುವುದೇ ಬೇಕೇ? ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಪರವಾನಗಿಯ ಪತ್ರವ್ಯವಹಾರ ನಡೆದಿದೆ; ಪರೀಕ್ಷಾ ಹಾರಾಟಕ್ಕೆ ವಿಮಾನವನ್ನು ಬಿಚ್ಚಿ, ಲಾರಿಯಲ್ಲಿ ಒಪ್ಪಿಗೆಯಿರುವ ರನ್‌ವೇಗೆ ಒಯ್ಯುವವನೇ ಹೊರತು ಊರ ಹೊಲದಿಂದ ಹಾರುವವನಲ್ಲ. ಹಾಗಾಗಿ ಕಾನೂನಿನ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಯಂತ್ರದ ಮಾತನ್ನೇ ಹೇಳಬೇಕೆಂದು ಕೋರುತ್ತೇನೆ.

ಜೋಗಿಮಟ್ಟಿ, ಚಿತ್ರದುರ್ಗ

ಮಾನ್ಯರೇ, ನಾನು ವಿಮಾನದವನಲ್ಲ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ನಿರ್ವಹಣೆಯಲ್ಲಿ ಹನ್ನೊಂದು ವರ್ಷ ಕಳೆದವನು. ಆದರೆ ಬ್ಲೇಡನ್ನು ಅದರ ಬುಡದಲ್ಲಿ ತಿರುಗಿಸಿ ಪಿಚ್ ಬದಲಿಸುವ ಕೆಲಸದೊಂದಿಗೆ ದಿನವೂ ಏಗುವವನಾದ್ದರಿಂದ, ನಿಮ್ಮ ಎರಡನೆಯ ದಾರಿಯ ಬಗ್ಗೆ ಒಂದೆರಡು ಮಾತು ಹೇಳುವ ಧೈರ್ಯ ಮಾಡುತ್ತೇನೆ.

ನಾನು ನೋಡಿಕೊಳ್ಳುವ ಯಂತ್ರಗಳಲ್ಲಿ ಪ್ರತಿ ಬ್ಲೇಡಿಗೂ ಅದರದೇ ಆದ ಪಿಚ್ ಮೋಟಾರು ಇರುತ್ತದೆ. ಹೊರಗಿನ ವಿದ್ಯುತ್ ಕೈಕೊಟ್ಟರೂ ಹಬ್ಬಿನೊಳಗಿನ ಬ್ಯಾಟರಿಗಳು ಬ್ಲೇಡುಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸಿ ಯಂತ್ರವನ್ನು ನಿಲ್ಲಿಸುತ್ತವೆ. ಅಂದರೆ, ಕೆಟ್ಟಾಗ ಏನಾಗಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ ಕಟ್ಟಿದ ವ್ಯವಸ್ಥೆ ಅದು. ನೀವು ಯಾವ ಎಲೆಕ್ಟ್ರಿಕ್ ಪ್ರೊಪೆಲ್ಲರ್ ನೋಡುತ್ತಿದ್ದರೂ, ಮಾರುವವರನ್ನು ಮೊದಲು ಕೇಳಬೇಕಾದದ್ದು ಇದನ್ನೇ: ಮೋಟಾರು ನಡುವೆ ನಿಂತರೆ ಬ್ಲೇಡು ಎಲ್ಲಿ ನಿಲ್ಲುತ್ತದೆ? ಸ್ವಿಚ್ಚು ಅಂಟಿಕೊಂಡು ಮೋಟಾರು ಓಡುತ್ತಲೇ ಇದ್ದರೆ ಅದನ್ನು ತಡೆಯಲು ಲೋಹದ ತಡೆಗಳಿವೆಯೇ, ಅಥವಾ ಎಲೆಕ್ಟ್ರಾನಿಕ್ ಮಿತಿಯನ್ನೇ ನಂಬಬೇಕೇ?

ಇನ್ನೊಂದು, ತಿರುಗುವ ಹಬ್ಬಿಗೆ ವಿದ್ಯುತ್ ಹೋಗುವ ದಾರಿ. ಅಲ್ಲಿ ಸ್ಲಿಪ್ ರಿಂಗ್ ಇರುತ್ತದೆ, ಅದರ ಮೇಲೆ ಇಂಗಾಲದ ಬ್ರಷ್ಷು ಉಜ್ಜುತ್ತಿರುತ್ತದೆ. ಬ್ರಷ್ಷು ಸವೆದ ಕರಿ ಪುಡಿ ನಮ್ಮ ಕಡೆಯ ಸಣ್ಣ ಕೆಂಧೂಳಿನ ಜೊತೆ ಸೇರಿ ಕಾಡಿಗೆಯಂತೆ ರಿಂಗಿನ ಮೇಲೆ ಕೂರುತ್ತದೆ. ಒಮ್ಮೆ ಅದನ್ನು ಒರೆಸಲು ತಡವಾಗಿ, ಒಂದು ಬ್ಲೇಡಿಗೆ ಹೋಗುವ ಸಂಕೇತ ಬಂದು ಬಂದು ನಿಂತು, ಎರಡು ದಿನ ಯಂತ್ರ ನಿಲ್ಲಿಸಿಕೊಂಡು ಕುಳಿತದ್ದು ನೆನಪಿದೆ. ಗೋಪುರದ ಮೇಲೆ ಹತ್ತಿ ರಿಪೇರಿ ಮಾಡುವ ಅವಕಾಶ ನಮಗಿತ್ತು, ನಿಮಗೆ ಆಕಾಶದಲ್ಲಿ ಅದಿಲ್ಲ.

ಆದ್ದರಿಂದ ನನ್ನ ಮತ ಸರಳವಾದದ್ದಕ್ಕೇ. ನೀವೇ ಹೇಳಿದಂತೆ ಬೇಸಿಗೆಗೆ ಪಿಚ್ಚನ್ನು ಒಂದು ಡಿಗ್ರಿ ಇಳಿಸಿ, ಜೂನ್ ಬಂದಮೇಲೆ ಮತ್ತೆ ಏರಿಸಿದರೆ ಕೆಲಸ ನಡೆದೀತು ಎಂದು ನನಗೆ ತೋರುತ್ತದೆ. ಒಂದು ಎಚ್ಚರಿಕೆ: ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯ ಬಿರುಸು ಹೆಚ್ಚು. ಎದುರು ಗಾಳಿಗೆ ಮೂಗು ಮಾಡಿ ಎಂಜಿನ್ ಓಡಿಸಿ ನೋಡಿದರೆ ಸುತ್ತಿನ ಲೆಕ್ಕ ಹೆಚ್ಚಾಗಿ ತೋರಿಸಿ ಮೋಸ ಮಾಡುತ್ತದೆ. ಬೆಳಕು ಹರಿಯುವ ಹೊತ್ತಿನ ನಿಂತ ಗಾಳಿಯಲ್ಲೇ ಆ ಕೆಲಸ ಮಾಡಿ.

ಹಳೇ ಹ್ಯಾಂಗರ್, ದಾವಣಗೆರೆ

ಜೋಗಿಮಟ್ಟಿಯವರ ಮಾತಿನಲ್ಲಿ ಮುಕ್ಕಾಲು ಭಾಗಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಕೊನೆಯ ಕಾಲು ಭಾಗ, ಅಂದರೆ ಋತುವಿಗೊಂದು ಪಿಚ್ ಎಂಬ ಮಾತನ್ನು ಮಾತ್ರ ಮುಂದೆ ತಿದ್ದುತ್ತೇನೆ. ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ನಿರ್ವಹಣೆಯಲ್ಲಿ ಬದುಕು ಸವೆಸಿ ಈಗ ವಿದ್ಯಾನಗರದ ಮನೆಯಲ್ಲಿ ಕುಳಿತಿರುವ ನನಗೆ, ಇಂಥ ಪ್ರಶ್ನೆಯೊಂದು ನಮ್ಮ ಊರಿನಿಂದಲೇ ಬಂದದ್ದು ಸಂತೋಷವನ್ನೇ ತಂದಿದೆ. ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ, ಬೇಸರಿಸಬೇಡಿ.

ಹಾರುವಾಗ ಪಿಚ್ ಬದಲಿಸುವುದು ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಊರಿನ ಬಿಸಿಲಲ್ಲ, ವಿಮಾನದ ವೇಗದ ಹರವು. ನಿಮ್ಮ ಗೇರ್‌ಬಾಕ್ಸಿನ ಅನುಪಾತ 2.43. ಎಂಜಿನ್ ನಿಮಿಷಕ್ಕೆ 5500 ಸುತ್ತಿನಲ್ಲಿದ್ದಾಗ ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 2263, ಅಂದರೆ ಸೆಕೆಂಡಿಗೆ 37.7 ಸುತ್ತು ತಿರುಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಏರುತ್ತಿರುವಾಗ ಪ್ರೊಪೆಲ್ಲರಿನ ಒಂದು ಸುತ್ತಿಗೆ ವಿಮಾನ 59 ಸೆಂ.ಮೀ. ಮುಂದೆ ಸಾಗುತ್ತದೆ, 130 ಕಿ.ಮೀ. ವೇಗದಲ್ಲಿ ಸಮಮಟ್ಟವಾಗಿ ಹಾರುವಾಗ 96 ಸೆಂ.ಮೀ. ಇನ್ನು 68 ಅಂಗುಲ ವ್ಯಾಸದ ಪ್ರೊಪೆಲ್ಲರಿನಲ್ಲಿ ಬ್ಲೇಡಿನ ಮುಕ್ಕಾಲು ಉದ್ದದ ಜಾಗ ನಡುವಿನಿಂದ 65 ಸೆಂ.ಮೀ. ದೂರದಲ್ಲಿದೆ, ಆ ಬಿಂದು ಒಂದು ಸುತ್ತಿಗೆ ಕ್ರಮಿಸುವ ಪರಿಧಿ 4 ಮೀಟರಿಗಿಂತ ತುಸು ಹೆಚ್ಚು. ಈ ಎರಡನ್ನೂ ಸೇರಿಸಿ ನೋಡಿದರೆ, ಬ್ಲೇಡಿಗೆ ಗಾಳಿ ಎದುರಾಗುವ ಓರೆ ಏರುವಾಗ ಸುಮಾರು 8 ಡಿಗ್ರಿ, ಹಾರುವಾಗ ಸುಮಾರು 13 ಡಿಗ್ರಿ. ವ್ಯತ್ಯಾಸ ಐದೇ ಡಿಗ್ರಿ. ಒಂದೇ ಪಿಚ್ಚಿಗೆ ಬಿಗಿದ ಬ್ಲೇಡು ಅಷ್ಟನ್ನು ಸಹಿಸಿಕೊಳ್ಳುತ್ತದೆ.

ಅದೇ ಎಂಜಿನ್, ಅದೇ ವ್ಯಾಸದ ಪ್ರೊಪೆಲ್ಲರನ್ನು 130ರಲ್ಲಿ ಏರಿ 220ರಲ್ಲಿ ಹಾರುವ ನುಣುಪು ಒಡಲಿನ ವಿಮಾನಕ್ಕೆ ಹಾಕಿ ನೋಡಿ: ಓರೆ 13 ಡಿಗ್ರಿಯಿಂದ ಸುಮಾರು 22ಕ್ಕೆ ಹೋಗುತ್ತದೆ. ಅಲ್ಲಿ ಒಂದೇ ಪಿಚ್ಚು ಎರಡೂ ಕಡೆ ನ್ಯಾಯ ಮಾಡಲಾರದು. ಏರುವಾಗ ಬ್ಲೇಡು ಗಾಳಿಯನ್ನು ಕಚ್ಚಿ ಏದುಸಿರು ಬಿಡುತ್ತದೆ, ಇಲ್ಲವೇ ಹಾರುವಾಗ ಎಂಜಿನ್ ಮಿತಿ ಮೀರಿ ಓಡುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ನಮ್ಮ ಎರಡು ಆಸನದ ತರಬೇತಿ ವಿಮಾನ ಹಂಸ-3ರಲ್ಲಿ ಹಾರುವಾಗ ಪಿಚ್ ಬದಲಾಗುವ ಪ್ರೊಪೆಲ್ಲರ್ ಇರುವುದು ಸುಮ್ಮನೆ ಅಲ್ಲ. ನಿಮ್ಮದು ಆ ಜಾತಿಯ ವಿಮಾನವಲ್ಲ. ದಪ್ಪ ರೆಕ್ಕೆ, ಅದರ ಮುಂದೆ ಸ್ಲ್ಯಾಟು ಎಂಬ ಸಣ್ಣ ಪಟ್ಟಿ, ಗಿಡ್ಡ ರನ್‌ವೇಯಿಂದ ಏಳಲೆಂದೇ ಹುಟ್ಟಿದ ಒಡಲು. ಅದಕ್ಕೆ ಎಂಥ ಪ್ರೊಪೆಲ್ಲರ್ ಕಟ್ಟಿದರೂ ಗಾಳಿಯ ತಡೆಯೇ ಅದನ್ನು ಓಡಗೊಡುವುದಿಲ್ಲ.

ಹಾಗಾದರೆ ರನ್‌ವೇಯಲ್ಲಿ ಓಟ ಶುರು ಮಾಡುವಾಗ ನಷ್ಟವಿಲ್ಲವೇ ಎಂದರೆ, ಇದೆ, ಆದರೆ ಜನ ಅಂದುಕೊಂಡಷ್ಟಿಲ್ಲ. ನಿಮ್ಮ ಎಂಜಿನ್ 5800 ಸುತ್ತಿನಲ್ಲಿ 73.5 ಕಿಲೋವಾಟ್ ಕೊಡುತ್ತದೆ, ಅದೂ 5 ನಿಮಿಷದ ಮಟ್ಟಿಗೆ. ಅಲ್ಲಿಂದಾಚೆಗೆ ನಿರಂತರ ಓಟದ ಮಿತಿ 5500. ಆದರೆ ಅದರ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 128 ನ್ಯೂಟನ್ ಮೀಟರ್ ಸಿಗುವುದು 5100 ಸುತ್ತಿನಲ್ಲೇ. ಗುಣಿಸಿ ನೋಡಿ, 68 ಕಿಲೋವಾಟ್ ಬರುತ್ತದೆ. ನೆಲದಲ್ಲಿ ನಿಂತು ಪೂರ್ತಿ ಥ್ರಾಟಲ್ ಕೊಟ್ಟಾಗ 5100–5200 ಸುತ್ತು ಬರುವಂತೆ ಪಿಚ್ ಹೊಂದಿಸಿದರೆ, ಮೊದಲ ಮೀಟರಿನಿಂದಲೇ 100ರಲ್ಲಿ 93 ಪಾಲು ಶಕ್ತಿ ನಿಮ್ಮ ಕೈಯಲ್ಲಿರುತ್ತದೆ, ವೇಗ ಏರಿದಂತೆ ಉಳಿದದ್ದೂ ಬಂದು ಸೇರುತ್ತದೆ. ಹಲವು ಪಟ್ಟು ಹಣ ಕೊಟ್ಟು ನೀವು ಕೊಳ್ಳಲು ಹೊರಟಿರುವುದು ಈ ಏಳು ಪಾಲನ್ನು.

ಈಗ ಬಿಸಿಲಿನ ವಿಷಯ. ದಾವಣಗೆರೆಯ ಎತ್ತರದಲ್ಲಿ, 38 ಡಿಗ್ರಿಯಲ್ಲಿ, ಗಾಳಿಯ ಸಾಂದ್ರತೆಯ ದೃಷ್ಟಿಯಿಂದ ವಿಮಾನ ಸುಮಾರು 1570 ಮೀಟರ್, ಅಂದರೆ 5100 ಅಡಿಗೂ ಮಿಕ್ಕಿದ ಎತ್ತರದಲ್ಲಿದ್ದಂತೆ ವರ್ತಿಸುತ್ತದೆ. ಎಂಜಿನ್ನಿನ 100 ಅಶ್ವಶಕ್ತಿ ಆಗ 84ರ ಆಸುಪಾಸಿಗೆ ಇಳಿಯುತ್ತದೆ. ಇದು ನಿಜವಾದ ನಷ್ಟ. ಆದರೆ ಪಿಚ್ ಇಳಿಸಿ ಇದನ್ನು ಮರಳಿ ಪಡೆಯಬಹುದೆಂಬುದು ತಪ್ಪು, ಏಕೆಂದರೆ ಗಾಳಿ ತೆಳುವಾದಾಗ ಎಂಜಿನ್ನಿನ ಶಕ್ತಿ ಮಾತ್ರವಲ್ಲ, ಪ್ರೊಪೆಲ್ಲರ್ ತಿರುಗಲು ಬೇಡುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ತಕ್ಕಡಿಯ ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದಂತೆ. ಉಳಿಯುವ ಅಲ್ಪ ಅಂತರದಿಂದ ಸುತ್ತಿನ ಲೆಕ್ಕ 50ರಷ್ಟೂ ಬದಲಾಗುವುದಿಲ್ಲ. ಜನವರಿಯಲ್ಲಿ 5200 ತೋರಿಸಿದ ಪಿಚ್ಚು ಏಪ್ರಿಲ್‌ನಲ್ಲೂ ಅಲ್ಲೇ ಸುತ್ತಮುತ್ತ ತೋರಿಸುತ್ತದೆ. ಕಡಿಮೆಯಾಗುವುದು ಸುತ್ತಲ್ಲ, ಪ್ರೊಪೆಲ್ಲರ್ ವಿಮಾನವನ್ನು ಮುಂದಕ್ಕೆ ಎಳೆಯುವ ಬಲ. ಅದಕ್ಕೆ ಮದ್ದು ಎರಡೇ: ಉದ್ದದ ರನ್‌ವೇ, ಅಥವಾ ಕಡಿಮೆ ಭಾರ. ಮಧ್ಯಾಹ್ನದ ಬದಲು ಮುಂಜಾನೆ ಆರಕ್ಕೆ ಹಾರಿದರೆ ಯಾವ ಪ್ರೊಪೆಲ್ಲರೂ ಕೊಡದ ಲಾಭ ಪುಕ್ಕಟೆ ಸಿಗುತ್ತದೆ. ಋತುವಿಗೊಮ್ಮೆ ಪಿಚ್ ಬದಲಿಸುವುದರಿಂದ ಬರುವುದು, ಸಡಿಲ ಬಿಟ್ಟ ಬೋಲ್ಟಿನ ಅಪಾಯ ಮಾತ್ರ.

ಇನ್ನು ಕೊಳ್ಳುವ ಮೊದಲು ನೋಡಬೇಕಾದ ಕೆಲವು ಸಂಗತಿಗಳು. ಎಂಜಿನ್ ಫಲಕದ ಮೇಲೆ ಯುಎಲ್‌ಎಸ್ ಆದಮೇಲೆ ಬರುವ ಅಂಕಿ 2 ಇದ್ದರೆ, ಎಣ್ಣೆಯ ಒತ್ತಡದಿಂದ ಪಿಚ್ ಬದಲಿಸುವ ಹೈಡ್ರಾಲಿಕ್ ಪ್ರೊಪೆಲ್ಲರಿಗೆ ಅದರಲ್ಲಿ ಏರ್ಪಾಡಿಲ್ಲ. 3 ಇದ್ದರೆ ಇದೆ. ಎರಡನೆಯದಾಗಿ, ಪ್ರೊಪೆಲ್ಲರಿನ ಜಡತ್ವದ ಮಹತ್ವ, ಮೊಮೆಂಟ್ ಆಫ್ ಇನರ್ಷಿಯಾ ಎನ್ನುತ್ತಾರಲ್ಲ, ಅದು 6000 ಕೆ.ಜಿ. ಚದರ ಸೆಂ.ಮೀ. ಮೀರಕೂಡದೆಂದು ಎಂಜಿನ್ ತಯಾರಕರು ಮಿತಿ ಹಾಕಿದ್ದಾರೆ. ಇದನ್ನು ತೂಕವೆಂದು ತಿಳಿಯಬೇಡಿ: ನಡುವಿನಲ್ಲಿ ಭಾರವಿದ್ದರೆ ಚಿಂತೆಯಿಲ್ಲ, ತುದಿಯಲ್ಲಿ ಭಾರವಿದ್ದರೆ ಗೇರ್‌ಬಾಕ್ಸಿನ ಹಲ್ಲುಗಳು ಎಂಜಿನ್ ಹತ್ತುವಾಗಲೂ ಆರುವಾಗಲೂ ಕಟಕಟ ಎನ್ನುತ್ತವೆ. ಕಾರ್ಬನ್ ಬ್ಲೇಡು ಇಲ್ಲಿ ಸುರಕ್ಷಿತ. ಮೂರನೆಯದು ನೆಲದ ಅಂತರ: ಮೂಗುಚಕ್ರದ ವಿಮಾನದಲ್ಲಿ ಬ್ಲೇಡಿನ ತುದಿಗೂ ನೆಲಕ್ಕೂ ಕನಿಷ್ಠ 18 ಸೆಂ.ಮೀ. ಇರಲಿ. ಅದನ್ನು ಅಳೆಯುವಾಗ ಇಬ್ಬರನ್ನು ಕೂರಿಸಿ, ಟ್ಯಾಂಕ್ ತುಂಬಿಸಿ ಅಳೆಯಿರಿ.

ತೂಕದ ಮಾತನ್ನೂ ಆಡಿಬಿಡುತ್ತೇನೆ. ಎಲೆಕ್ಟ್ರಿಕ್ ಪ್ರೊಪೆಲ್ಲರ್ ಸರಳವಾದದ್ದಕ್ಕಿಂತ 6 ಕೆ.ಜಿ. ಹೆಚ್ಚು ತೂಗಿದರೆ, ಅದು ಗುರುತ್ವ ಕೇಂದ್ರದಿಂದ 1.2 ಮೀಟರ್ ಮುಂದಿದ್ದರೆ, 500 ಕೆ.ಜಿ.ಯ ವಿಮಾನದ ಕೇಂದ್ರ 14 ಮಿ.ಮೀ. ಮುಂದೆ ಸರಿಯುತ್ತದೆ. ಅದನ್ನು ಸರಿದೂಗಿಸಲು ಬ್ಯಾಟರಿಯನ್ನು ಹಿಂದಕ್ಕೆ ಒಯ್ಯಬೇಕು, ತಂತಿ ಉದ್ದವಾಗುತ್ತದೆ, ಹೀಗೆ ಒಂದಕ್ಕೊಂದು ಅಂಟಿಕೊಂಡು ಬರುತ್ತದೆ. ಪೈಲಟ್ಟಿನ ಪಾಡೂ ಇದೆ. ಹಾರಾಟದಲ್ಲಿ ಈ ಎಂಜಿನ್ನನ್ನು 5200 ಸುತ್ತಿನ ಕೆಳಗೆ ಪೂರ್ತಿ ಥ್ರಾಟಲ್‌ನಲ್ಲಿ ದುಡಿಸಬೇಡಿ ಎಂಬುದು ತಯಾರಕರ ಸಲಹೆ. ಪಿಚ್ ಸ್ವಿಚ್ಚು ಕೈಯಲ್ಲಿದ್ದರೆ ಆ ತಪ್ಪು ಮಾಡುವುದು ಸುಲಭ. ಸರಿಯಾಗಿ ಬಿಗಿದ ಸರಳ ಪ್ರೊಪೆಲ್ಲರಿನಲ್ಲಿ ಆ ತಪ್ಪಿಗೆ ಆಸ್ಪದವೇ ಕಡಿಮೆ.

ಬಾತಿಗುಡ್ಡ, ದಾವಣಗೆರೆ

ತಮ್ಮಿಬ್ಬರಿಗೂ ಕೃತಜ್ಞತೆಗಳು. ಕೈದೀಪ ಹಿಡಿದು ಹೋಗಿ ಎಂಜಿನ್ ಫಲಕ ನೋಡಿ ಬಂದೆ. ಕೊನೆಯ ಅಂಕಿ 2. ಅಲ್ಲಿಗೆ ಹೈಡ್ರಾಲಿಕ್ ಮಾತು ಮುಗಿಯಿತು. ಟಾರ್ಕಿನ ಲೆಕ್ಕವನ್ನು ನಾನೇ ಮತ್ತೆ ಮಾಡಿ ನೋಡಿದೆ, ಎಲೆಕ್ಟ್ರಿಕ್ ಪ್ರೊಪೆಲ್ಲರಿನ ಆಸೆಯೂ ಅಲ್ಲಿಗೇ ಬಹುಮಟ್ಟಿಗೆ ಇಳಿಯಿತು.

ಈಗ ಇನ್ನೊಂದು ಸಂಗತಿ ಎದ್ದಿದೆ. ಹರಿಹರದ ಸ್ನೇಹಿತರೊಬ್ಬರು, ಬ್ಲೇಡುಗಳನ್ನು ಮಾತ್ರ ಹೊರದೇಶದಿಂದ ತರಿಸಿ, ಹಬ್ಬನ್ನು ಇಲ್ಲೇ ಲೇತಿನಲ್ಲಿ ಕಡೆಸಿದರೆ ಖರ್ಚು ಅರ್ಧ ಉಳಿದೀತು ಎನ್ನುತ್ತಾರೆ. ಎರಡು ಹೋಳಿನ, ನಡುವೆ ಬ್ಲೇಡಿನ ಬುಡವನ್ನು ಕಚ್ಚಿ ಹಿಡಿಯುವ ಅಲ್ಯೂಮಿನಿಯಂ ಹಬ್ಬು ನೋಡಲು ಅಷ್ಟೇನೂ ಜಟಿಲವಾಗಿ ಕಾಣುವುದಿಲ್ಲ. ಈ ಬಗ್ಗೆ ಬಲ್ಲವರು ಹೇಳಬೇಕು.

ಹರಿಹರದ ಲೇತ್, ಹರಿಹರ

ಬಾತಿಗುಡ್ಡದವರೇ, ಬಲ್ಲವನೆಂದು ಹೇಳಿಕೊಳ್ಳುವಷ್ಟು ಲೇತಿನ ಮುಂದೆ ನಿಂತಿದ್ದೇನೆ, ಮೂವತ್ತೊಂದು ವರ್ಷ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಂದಾಗಿಯೇ ಹೆಸರಾದ ಊರು ನಮ್ಮದು. ನನ್ನ ಶೆಡ್ಡಿನಲ್ಲೂ ಅದೇ ಕಾರ್ಖಾನೆಯ ಒಂದು ಹಳೆಯ ಯಂತ್ರ ಈಗಲೂ ನೂಲು ಹಿಡಿದಂತೆ ಕೆಲಸ ಕೊಡುತ್ತದೆ. ಆದ್ದರಿಂದ ಕೆಲಸ ಬಾರದವನ ಅಂಜಿಕೆಯ ಮಾತೆಂದು ತಿಳಿಯಬೇಡಿ. ಹಬ್ಬನ್ನು ಕಡೆಸಬೇಡಿ. ನನ್ನ ಬಳಿ ಬಂದರೂ ನಾನು ಮಾಡಿಕೊಡುವುದಿಲ್ಲ.

ಹಳೇ ಹ್ಯಾಂಗರಿನವರು ಲೆಕ್ಕ ಕಲಿಸಿದ್ದಾರೆ, ನಾನೂ ಒಂದು ಹಾಕುತ್ತೇನೆ. ಒಂದು ಬ್ಲೇಡು 1.1 ಕೆ.ಜಿ. ತೂಗುತ್ತದೆ, ಅದರ ತೂಕದ ನಡು ಹಬ್ಬಿನ ನಡುವಿನಿಂದ 33 ಸೆಂ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಎಂಜಿನ್ 5800ರಲ್ಲಿದ್ದಾಗ ಪ್ರೊಪೆಲ್ಲರ್ ನಿಮಿಷಕ್ಕೆ 2387 ಸುತ್ತು ತಿರುಗುತ್ತದೆ. ಆಗ ಆ ಒಂದು ಬ್ಲೇಡು ಹಬ್ಬಿನಿಂದ ಕಿತ್ತುಕೊಂಡು ಹೊರಗೆ ಹೋಗಲು ಎಳೆಯುವ ಬಲ 2300 ಕೆ.ಜಿ.ಗಿಂತ ಹೆಚ್ಚು. ಕೈಯಲ್ಲಿ ಎತ್ತಿದರೆ ಎರಡು ಸೇರು ಅಕ್ಕಿಯಷ್ಟೂ ಭಾರವೆನಿಸದ ಬ್ಲೇಡು, ಎರಡು ಕಾರುಗಳನ್ನು ನೇತುಹಾಕಿದಷ್ಟು ಜಗ್ಗುತ್ತದೆ. ಅದೂ ಒಂದೇ ಸಮ ಜಗ್ಗಿದರೆ ತಡೆಯಬಹುದಿತ್ತು. ಎಂಜಿನ್ನಿನ ಪ್ರತಿ ಬಡಿತಕ್ಕೂ ಹಿಂದೆ ಮುಂದೆ ಬಾಗಿಸುತ್ತ ಜಗ್ಗುತ್ತದೆ. ಅಲ್ಯೂಮಿನಿಯಂ ಒಡೆಯುವುದು ಹೀಗೆ ಬಾಗಿ ಬಾಗಿ ದಣಿದಾಗಲೇ.

ಅಂಗಡಿಯಲ್ಲಿ ತುಂಡು ಕೊಂಡು ತಂದ ಅಲ್ಯೂಮಿನಿಯಂ ಯಾವ ದರ್ಜೆಯದು, ಅದರ ಕಣ ಯಾವ ದಿಕ್ಕಿಗೆ ಓಡಿದೆ, ಒಳಗೆ ಗುಳ್ಳೆಯಿದೆಯೇ ಎಂಬುದು ನಮಗೆ ತಿಳಿಯುವುದಿಲ್ಲ. ಒಳಮೂಲೆಯಲ್ಲಿ ಟೂಲು ಬಿಟ್ಟ ಕೂದಲೆಳೆಯಂಥ ಗೆರೆಯೊಂದು ಸಾಕು, ಬಿರುಕು ಅಲ್ಲೇ ಹುಟ್ಟುತ್ತದೆ. ಪಂಪ್‌ಸೆಟ್ಟಿನ ಪುಲ್ಲಿ ಒಡೆದರೆ ಹೊಲದಲ್ಲಿ ಬೀಳುತ್ತದೆ. ಇದು ಒಡೆದರೆ ಒಂದು ಬ್ಲೇಡು ಹೋಗಿ, ಉಳಿದೆರಡರ ಅಸಮ ಜಗ್ಗಾಟಕ್ಕೆ ಎಂಜಿನ್ನೇ ಮೌಂಟಿನಿಂದ ಕಿತ್ತುಬರಬಹುದು.

ಕೈ ಆಡಿಸಲೇಬೇಕೆಂಬ ಹಂಬಲವಿದ್ದರೆ ನಾನು ಕೆಲವು ಉಪಯೋಗದ ಸಾಮಾನು ಮಾಡಿಕೊಡುತ್ತೇನೆ: ಬ್ಲೇಡಿನ ಬೆನ್ನಿಗೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರುವ ಅಳತೆಪಟ್ಟಿ, ಅದರ ಮೇಲೆ ಡಿಜಿಟಲ್ ಕೋನಮಾಪಕ ಅಲುಗದೆ ನಿಲ್ಲುವ ತಟ್ಟೆ. ಕಡೆದ ಕೂಲಿ ಬೇಡ, ಬೆಣ್ಣೆದೋಸೆ ಕೊಡಿಸಿದರಾಯಿತು.

ಹಳೇ ಹ್ಯಾಂಗರ್, ದಾವಣಗೆರೆ

ಹರಿಹರದವರ ಮಾತಿಗೆ ಸೇರಿಸಲು ಏನೂ ಇಲ್ಲ. ಅವರು ಹೇಳಿದ ಅಳತೆಪಟ್ಟಿಯನ್ನು ಖಂಡಿತ ಮಾಡಿಸಿಕೊಳ್ಳಿ, ಏಕೆಂದರೆ ಸರಳ ಪ್ರೊಪೆಲ್ಲರಿನ ಗುಣವೆಲ್ಲ ನಿಂತಿರುವುದು ಅದನ್ನು ಹೊಂದಿಸುವವನ ತಾಳ್ಮೆಯ ಮೇಲೆ. ಕೆಲವು ತಯಾರಕರ ಹಬ್ಬಿನಲ್ಲಿ ಪಿಚ್ಚಿಗೆ ಗೊತ್ತಾದ ಪಿನ್ನುಗಳಿರುತ್ತವೆ, ಅಲ್ಲಿ ಕಷ್ಟವಿಲ್ಲ. ಉಳಿದವುಗಳಲ್ಲಿ ಕೋನವನ್ನು ನಾವೇ ಅಳೆದು ಇಡಬೇಕು.

ಮೊದಲು ವಿಮಾನದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಇಗ್ನಿಷನ್ ಎರಡೂ ಆರಿಸಿ, ಬ್ಯಾಟರಿಯ ತಂತಿ ಬಿಚ್ಚಿ. ಮೂರೂ ಬ್ಲೇಡುಗಳ ಮೇಲೆ ಮುಕ್ಕಾಲು ಉದ್ದದ ಜಾಗದಲ್ಲಿ ಕಾಗದದ ಅಂಟುಪಟ್ಟಿ ಹಚ್ಚಿ ಗೆರೆ ಎಳೆಯಿರಿ. ಒಂದು ಬ್ಲೇಡನ್ನು ನೆಲಕ್ಕೆ ಸಮಾನಾಂತರವಾಗಿ ತಂದು, ಗಾರೆ ಕೆಲಸದವರ ರಸಮಟ್ಟದಿಂದ ಅದು ಮಟ್ಟವಿದೆಯೆಂದು ಖಾತ್ರಿ ಮಾಡಿಕೊಂಡು, ಆ ಗೆರೆಯ ಮೇಲೆ ಕೋನ ಅಳೆಯಿರಿ. ಮುಂದಿನ ಬ್ಲೇಡನ್ನು ಅದೇ ಕಡೆಗೆ, ಅದೇ ಮಟ್ಟಕ್ಕೆ ತಿರುಗಿಸಿ ಅಳೆಯಬೇಕೇ ಹೊರತು ನೀವು ಅದರ ಕಡೆಗೆ ಹೋಗಿ ಅಳೆಯಬಾರದು. ವಿಮಾನದ ಮೂಗು ತುಸು ಮೇಲೋ ಕೆಳಗೋ ಇದ್ದರೂ ಲೆಕ್ಕ ತಪ್ಪುವುದು ಅಲ್ಲಿಯೇ. ಮೂರರ ನಡುವಿನ ಅಂತರ 0.2 ಡಿಗ್ರಿ ಮೀರದಿರಲಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಬಿಗಿಯುವಾಗಲೇ ಬ್ಲೇಡು ಕಳ್ಳನಂತೆ ಕಾಲು ಡಿಗ್ರಿ ತಿರುಗಿಬಿಡುವುದುಂಟು, ಆದ್ದರಿಂದ ಬಿಗಿದ ಮೇಲೆ ಮತ್ತೆ ಮೂರನ್ನೂ ಅಳೆಯಿರಿ. ಬಳಿಕ ತುದಿಯ ಪಕ್ಕ ಒಂದು ಮಣೆ ನಿಲ್ಲಿಸಿ, ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತ ಮೂರೂ ತುದಿಗಳು ಒಂದೇ ಗೆರೆಯಲ್ಲಿ ಹಾಯುತ್ತವೆಯೇ ನೋಡಿ, 3 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಹಬ್ಬಿನ ಮುಖದಲ್ಲಿ ಕಸ ಸಿಕ್ಕಿದೆಯೆಂದೇ ಮೊದಲ ಅನುಮಾನ ಪಡಬೇಕು.

ಎಂಜಿನ್ ಓಡಿಸಿ ನೋಡುವಾಗ ಮುಖ್ಯ ಚಕ್ರದ ಕಾಲುಗಳಿಗೆ ಹಗ್ಗ ಕಟ್ಟಿ ಹಿಂದೆ ಟ್ರ್ಯಾಕ್ಟರಿಗೆ ಬಿಗಿಯಿರಿ. ಬ್ಲೇಡುಗಳ ನೇರಕ್ಕೆ, ಎಡಬಲದಲ್ಲಿ, ಯಾರೂ ನಿಲ್ಲಬಾರದು. ಕೆಳಗಿನ ನೆಲ ಸಿಮೆಂಟಿನದಾಗಿರಲಿ, ಗುಡಿಸಿ ನೀರು ಹಾಕಿರಲಿ. ಬ್ಲೇಡಿನ ತುದಿ ಸೆಕೆಂಡಿಗೆ ಸುಮಾರು 190 ಮೀಟರ್ ವೇಗದಲ್ಲಿ ಹಾಯುತ್ತದೆ. ನಮ್ಮ ಗರಸು ನೆಲದಿಂದ ಹೀರಿಕೊಂಡ ಕಡಲೆಕಾಳಿನಷ್ಟು ಕಲ್ಲು ಸಾಕು ಅಂಚು ಹಾಳಾಗಲು. ಮುಂದಿನ ಅಂಚಿಗೆ ನಿಕ್ಕಲ್ ಹೊದಿಕೆಯಿರುವ ಬ್ಲೇಡು ಸಿಕ್ಕರೆ, ಅದಕ್ಕೆ ಹೆಚ್ಚು ಹಣ ಕೊಡುವುದು ದುಂದಲ್ಲ.

ಮೊದಲ ಹಾರಾಟದ ನಂತರ ಬೋಲ್ಟುಗಳನ್ನು ಮತ್ತೆ ನೋಡಿ. ಬಹಳ ವರ್ಷಗಳ ಹಿಂದೆ ಒಂದು ಹ್ಯಾಂಗರಿನಲ್ಲಿ ಮರದ ಪ್ರೊಪೆಲ್ಲರನ್ನು ಮಳೆಗಾಲದಲ್ಲಿ ಬಿಗಿದು ಬೇಸಿಗೆಯವರೆಗೆ ಮುಟ್ಟದೆ ಬಿಟ್ಟಿದ್ದರು. ಮರ ಒಣಗಿ ಕುಗ್ಗಿ, ಫ್ಲ್ಯಾಂಜಿನ ಕೆಳಗೆ ಉಜ್ಜಿ ಉಜ್ಜಿ, ಬಿಚ್ಚಿದಾಗ ಮರ ಕೆಂಡಕ್ಕೆ ಇಟ್ಟಂತೆ ಕರಿಗಟ್ಟಿತ್ತು. ಕಾರ್ಬನ್ ಹಾಗೆ ಕುಗ್ಗುವುದಿಲ್ಲ, ಆದರೂ ನೋಡಿ. ಇನ್ನೊಂದು ಮಾತು: ಅರ್ಜಿಯಲ್ಲಿ ಬರೆದ ಪ್ರೊಪೆಲ್ಲರಿಗೂ ಮೂಗಿನ ಮೇಲಿರುವುದಕ್ಕೂ ವ್ಯತ್ಯಾಸ ಬಾರದಂತೆ, ಕೊಳ್ಳುವ ಮೊದಲೇ ಮಾದರಿಯ ಹೆಸರನ್ನು ಪತ್ರದಲ್ಲಿ ಸೇರಿಸಿಬಿಡಿ.

ಬಾತಿಗುಡ್ಡ, ದಾವಣಗೆರೆ

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ನಿಕ್ಕಲ್ ಅಂಚಿನ, 68 ಅಂಗುಲದ, ಮೂರು ಬ್ಲೇಡಿನ, ನೆಲದಲ್ಲಿ ಹೊಂದಿಸುವ ಪ್ರೊಪೆಲ್ಲರನ್ನೇ ತರಿಸಿದೆ. ನೆಲದ ಅಂತರ ಇಬ್ಬರು ಕುಳಿತಾಗ 26 ಸೆಂ.ಮೀ. ಬಂದಿದೆ. ಹರಿಹರದವರು ಅಳತೆಪಟ್ಟಿಯೊಂದಿಗೆ ತಾವೇ ಬಂದಿದ್ದರು, ದೋಸೆಯ ಸಾಲ ತೀರಿದೆ.

ಮೊದಲ ಸಲ ಬಿಗಿದ ಮೇಲೆ ಅಳೆದಾಗ ಎರಡು ಬ್ಲೇಡು ಸರಿಯಿದ್ದು ಮೂರನೆಯದು 0.4 ಡಿಗ್ರಿ ಹೆಚ್ಚಾಗಿತ್ತು, ಬಿಗಿಯುವಾಗಲೇ ತಿರುಗಿದ್ದು. ಸಡಿಲಿಸಿ, ಮತ್ತೆ ಇಟ್ಟು, ಮತ್ತೆ ಬಿಗಿದೆವು. ಮರುದಿನ ಬೆಳಗಿನ ಜಾವ, ಅಂಗಳಕ್ಕೆ ನೀರು ಹಾಕಿ, ಪಕ್ಕದ ಹೊಲದವರ ಟ್ರ್ಯಾಕ್ಟರಿಗೆ ಕಟ್ಟಿ, ಪೂರ್ತಿ ಥ್ರಾಟಲ್ ಕೊಟ್ಟಾಗ 4880 ಸುತ್ತು ಬಂತು. ಒಂದು ಡಿಗ್ರಿ ಇಳಿಸಿದ ಮೇಲೆ 5170. ಸುತ್ತಿನ ಮೀಟರನ್ನು ನಂಬದೆ, ಬೆಳಕಿನ ಟ್ಯಾಕೋಮೀಟರಿನಿಂದ ಪ್ರೊಪೆಲ್ಲರನ್ನೇ ಅಳೆದು 2.43ರಿಂದ ಗುಣಿಸಿದೆವು, ನನ್ನ ಮೀಟರು 60 ಸುತ್ತು ಹೆಚ್ಚು ತೋರಿಸುತ್ತಿತ್ತು. ನಿಜವಾದ ಲೆಕ್ಕ 5110. ಹಳೇ ಹ್ಯಾಂಗರಿನವರನ್ನು ಫೋನಿನಲ್ಲಿ ಕೇಳಿದೆ, ಹಾಗೇ ಬಿಡಿ ಎಂದರು. ಮೀಟರಿನ ಗಾಜಿನ ಮೇಲೆ 60ರ ತಿದ್ದುಪಡಿಯನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ.